ಆಲ್ದೋ ಇದ್ದಲ್ಲಿ ಬಟ್ ಯಾಕೆ ಬೇಡ? ಇಂಗ್ಲಿಷ್ ಕಂಜಂಕ್ಷನ್‌ಗಳನ್ನು ಕನ್ನಡದ ಕಡೆಯಿಂದ ನೋಡಿದರೆ

ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದಮೇಲೆ ಕೋಲಾರದ ಸುತ್ತಮುತ್ತಲಿನ ಹುಡುಗ ಹುಡುಗಿಯರಿಗೆ ಒಂದಲ್ಲ ಒಂದು ದಿನ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೆಲಸ ಬಂದೇ ಬರುತ್ತದೆ. ಸಂಜೆ ಹೊತ್ತು ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ. ಹೋದ ವಾರ ತನ್ನ ಅರ್ಜಿ ತಂದು ತೋರಿಸಿದಳು. ಅಕ್ಷರ ಮುದ್ದಾಗಿತ್ತು. ಮೂರನೇ ಸಾಲು ಹೀಗಿತ್ತು:

"ಆಲ್ದೋ ಐ ಹ್ಯಾವ್ ನೋ ಎಕ್ಸ್‌ಪೀರಿಯನ್ಸ್, ಬಟ್ ಐ ಲರ್ನ್ ಕ್ವಿಕ್ಲಿ."

ನಾನು "ಬಟ್" ಮೇಲೆ ಗೀಟು ಹಾಕಿದೆ. "ಯಾಕೆ ಮಿಸ್? ಆಲ್ದೋ ಬಂದರೆ ಬಟ್ ಬರಬಾರದು ಅಂತ ಸ್ಕೂಲಲ್ಲೂ ಹೇಳಿದ್ದರು. ಯಾಕೆ ಅಂತ ಮಾತ್ರ ಯಾರೂ ಹೇಳಲಿಲ್ಲ" ಎಂದಳು.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳು, ಆಫೀಸಿಗೆ ಇ-ಮೇಲ್ ಬರೆಯುವವರು, ರಜೆ ಅರ್ಜಿ ಬರೆಯುವವರು, ಎಲ್ಲರೂ ಇದೇ ಜಾಗದಲ್ಲಿ ಎಡವುತ್ತಾರೆ. ದಡ್ಡತನದಿಂದ ಅಲ್ಲ. ಕನ್ನಡ ವಾಕ್ಯವನ್ನು ಜೋಡಿಸುವ ರೀತಿ ಒಂದು, ಇಂಗ್ಲಿಷ್ ಜೋಡಿಸುವ ರೀತಿ ಇನ್ನೊಂದು. ಆ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಈ ಪಾಠದ ಮುಕ್ಕಾಲು ಭಾಗ ಮುಗಿದಂತೆ.

ಬಂಗಾರಪೇಟೆ ಜಂಕ್ಷನ್

ಕಂಜಂಕ್ಷನ್ ಎಂಬ ಪದದೊಳಗೇ ಜಂಕ್ಷನ್ ಇದೆ, ಗಮನಿಸಿ. ನಾವು ಬಂಗಾರಪೇಟೆಯನ್ನು ಜಂಕ್ಷನ್ ಅನ್ನುತ್ತೇವೆ. ಬೆಂಗಳೂರು, ಜೋಲಾರಪೇಟೆ, ಮಾರಿಕುಪ್ಪಂ, ಕೋಲಾರ, ಈ ನಾಲ್ಕೂ ಕಡೆಯ ಹಳಿಗಳು ಅಲ್ಲಿ ಕೂಡುತ್ತವೆ. ಎರಡೂ ಪದಗಳ ಬೇರು ಲ್ಯಾಟಿನ್ ಭಾಷೆಯ "ಯುಂಗೆರೆ". ಹಾಗಂದರೆ ಜೋಡಿಸು ಎಂದರ್ಥ. ನಮ್ಮ ಯೋಗ, ಸಂಯೋಗ ಪದಗಳ ಹಿಂದಿರುವ ಸಂಸ್ಕೃತದ "ಯುಜ್" ಕೂಡ ಅದೇ ಮೂಲದ್ದು.

ಅಂದರೆ ಕಂಜಂಕ್ಷನ್ ಎಂದರೆ ಜೋಡಿಸುವ ಪದ. ಪದಕ್ಕೆ ಪದವನ್ನು, ವಾಕ್ಯಕ್ಕೆ ವಾಕ್ಯವನ್ನು ಸೇರಿಸುವ ಕೊಂಡಿ. ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಹತ್ತಿರದ್ದನ್ನು ಸಂಬಂಧಸೂಚಕ ಅವ್ಯಯ ಎಂದು ಓದಿರುತ್ತೀರಿ. ಮತ್ತು, ಅಥವಾ, ಆದ್ದರಿಂದ, ಇಂಥವು. ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ "ಲಿಂಕರ್" ಎಂದು ಕೇಳುತ್ತಾರಲ್ಲ, ಅದು ಇನ್ನೂ ಸ್ವಲ್ಪ ದೊಡ್ಡ ಗುಂಪು. ಕಂಜಂಕ್ಷನ್‌ಗಳ ಜೊತೆಗೆ ಹೌಎವರ್, ದೇರ್‌ಫೋರ್ ಥರದ ಪದಗಳೂ ಅದರಲ್ಲಿ ಸೇರಿರುತ್ತವೆ.

ಕನ್ನಡದಲ್ಲಿ ಕೊಂಡಿ ಇರುವುದು ಬಾಲದಲ್ಲಿ

ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ದಿನವೂ ಕೇಳುವ ಮಾತನ್ನೇ ತೆಗೆದುಕೊಳ್ಳೋಣ.

ಬೆಲೆ ಬಿದ್ದರೆ.
ಬೆಲೆ ಬಿದ್ದರೂ.
ಬೆಲೆ ಬಿದ್ದಾಗ.
ಬೆಲೆ ಬಿದ್ದಿದ್ದರಿಂದ.
ಬೆಲೆ ಬೀಳುವ ತನಕ.

ಐದರಲ್ಲೂ ಜೋಡಿಸುವ ಕೆಲಸ ಮಾಡುತ್ತಿರುವುದು ಯಾವುದು? ಕೊನೆಯಲ್ಲಿರುವ ಅರೆ, ಅರೂ, ಆಗ, ದ್ದರಿಂದ, ತನಕ. ತನಕ ಒಂದನ್ನು ಬಿಟ್ಟರೆ ಉಳಿದವು ಬೇರೆ ಪದಗಳಾಗಿ ನಿಂತೇ ಇಲ್ಲ. ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿವೆ. ನಾವು ಮಾತಾಡುವಾಗ ಅಲ್ಲೊಂದು ಕೊಂಡಿ ಇದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ.

ಇಂಗ್ಲಿಷಿನಲ್ಲಿ ಇವೇ ಮಾತುಗಳು "ಇಫ್ ದ ಪ್ರೈಸ್ ಫಾಲ್ಸ್", "ದೋ ದ ಪ್ರೈಸ್ ಫೆಲ್", "ವೆನ್ ದ ಪ್ರೈಸ್ ಫೆಲ್", "ಬಿಕಾಸ್ ದ ಪ್ರೈಸ್ ಫೆಲ್", "ಅಂಟಿಲ್ ದ ಪ್ರೈಸ್ ಫಾಲ್ಸ್" ಎಂದಾಗುತ್ತವೆ. ಕೊಂಡಿ ಬಾಲದಿಂದ ತಲೆಗೆ ಬಂತು. ಅಂಟಿಕೊಂಡಿದ್ದದ್ದು ಬಿಡಿಪದವಾಯಿತು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರು ಜಾಸ್ತಿ. ತೆಲುಗಿನಲ್ಲೂ ಇದೇ ಕಥೆ. ಬಂದರೆ ಅನ್ನುವುದಕ್ಕೆ "ವಸ್ತೇ", ಬಂದರೂ ಅನ್ನುವುದಕ್ಕೆ "ವಚ್ಚಿನಾ". ಕೆಜಿಎಫ್ ಕಡೆಯ ತಮಿಳಿನಲ್ಲಿ "ವಂದಾಲ್", "ವಂದಾಲುಂ". ಎಲ್ಲ ಕಡೆ ಕೊಂಡಿ ಬಾಲದಲ್ಲೇ. ಉರ್ದು ಮನೆಮಾತಿನ ಮಕ್ಕಳಿಗೆ ಮಾತ್ರ "ಔರ್", "ಲೇಕಿನ್", "ಅಗರ್" ಎಂಬ ಬಿಡಿಪದಗಳು ಮೊದಲೇ ರೂಢಿ ಇರುತ್ತವೆ.

ಈಗ ನನ್ನ ವಿದ್ಯಾರ್ಥಿನಿಯ ಬಟ್ ಎಲ್ಲಿಂದ ಬಂತು ನೋಡಿ. ಅವಳು ಮನಸ್ಸಿನಲ್ಲಿ "ಅನುಭವ ಇಲ್ಲದಿದ್ದರೂ ಬೇಗ ಕಲಿಯುತ್ತೇನೆ" ಅಂದುಕೊಂಡಳು. ಕನ್ನಡದಲ್ಲಿ ಆ "ರೂ" ಎರಡು ಮಾತುಗಳ ನಟ್ಟನಡುವೆ, ಸರಿಯಾಗಿ ಕೀಲಿನ ಜಾಗದಲ್ಲಿದೆ. ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡುವ ಆಲ್ದೋ ವಾಕ್ಯದ ಮೊದಲಿಗೇ ಬಂದುಹೋಯಿತು. ಬರೆಯುತ್ತಾ ನಡುವಿಗೆ ಬಂದಾಗ ಅಲ್ಲಿ ಖಾಲಿ ಅನಿಸಿತು. ಏನೋ ಬಿಟ್ಟುಹೋಗಿದೆ ಅಂತ ಕೈ ತಾನಾಗಿ ಬಟ್ ಬರೆಯಿತು. ಎಷ್ಟೋ ವರ್ಷ ಮಕ್ಕಳ ಪುಸ್ತಕ ತಿದ್ದಿದ ಮೇಲೆ ನನಗೆ ಹೊಳೆದ ಕಾರಣ ಇದು.

ಎರಡು ಬೋಗಿಗಳ ನಡುವೆ ಒಂದೇ ಕೊಂಡಿ ಸಾಕು. ಆಲ್ದೋ ಒಂದು ಕೊಂಡಿ, ಬಟ್ ಇನ್ನೊಂದು ಕೊಂಡಿ. ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕು. ರಜೆ ಅರ್ಜಿಯಲ್ಲಿ ನಾವೆಲ್ಲ ಬರೆದಿರುವ "ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಕಮ್" ಕೂಡ ಇದೇ ತಪ್ಪು. ಆ್ಯಸ್ ಇದ್ದರೆ ಸೋ ಬೇಡ. ಸೋ ಬೇಕಿದ್ದರೆ ಆ್ಯಸ್ ತೆಗೆಯಿರಿ.

ಸಮಾನರನ್ನು ಜೋಡಿಸುವ ಏಳು ಪದಗಳು

ಕಂಜಂಕ್ಷನ್‌ಗಳನ್ನು ಮೂರು ಬಗೆ ಮಾಡುತ್ತಾರೆ. ಮೊದಲನೆಯದು ಕೋಆರ್ಡಿನೇಟಿಂಗ್. ಎರಡು ಎಂಜಿನ್‌ಗಳನ್ನು ಜೋಡಿಸಿದ ಹಾಗೆ. ಕೊಂಡಿ ಕಳಚಿದರೂ ಎರಡೂ ತಮ್ಮ ಪಾಡಿಗೆ ಓಡುತ್ತವೆ. "ಐ ವೆಂಟ್ ಟು ಮುಳಬಾಗಿಲು, ಬಟ್ ದ ಆಫೀಸ್ ವಾಸ್ ಕ್ಲೋಸ್ಡ್." ಬಟ್ ತೆಗೆದುಬಿಡಿ. "ಮುಳಬಾಗಿಲಿಗೆ ಹೋದೆ" ಎಂಬುದೂ ಪೂರ್ತಿ ವಾಕ್ಯ, "ಆಫೀಸ್ ಮುಚ್ಚಿತ್ತು" ಎಂಬುದೂ ಪೂರ್ತಿ ವಾಕ್ಯ.

ಇಂಥ ಪದಗಳು ಏಳು: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ "ಫ್ಯಾನ್‌ಬಾಯ್ಸ್" ಎಂದಾಗುತ್ತದೆ. ನೆನಪಿಟ್ಟುಕೊಳ್ಳಲು ಅನುಕೂಲ. ಇವುಗಳಲ್ಲಿ ಫಾರ್ ಅನ್ನು "ಯಾಕೆಂದರೆ" ಎಂಬ ಅರ್ಥದಲ್ಲಿ ಈಗ ಮಾತಿನಲ್ಲಿ ಯಾರೂ ಬಳಸುವುದಿಲ್ಲ, ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ. ಯೆಟ್ ಅಂದರೆ "ಆದರೂ". ಸೋ ಅಂದರೆ "ಅದಕ್ಕೇ". ಇಷ್ಟು ಸಾಕು. ಹೆಚ್ಚು ಹೇಳಬೇಕಿರುವುದು ಆ್ಯಂಡ್ ಮತ್ತು ಆರ್ ಬಗ್ಗೆ.

ಕನ್ನಡದಲ್ಲಿ ಒಂದರ ಹಿಂದೆ ಒಂದು ಮಾಡಿದ ಕೆಲಸಗಳನ್ನು ಹೇಳಲು ಕೊಂಡಿಯೇ ಬೇಕಾಗಿಲ್ಲ. "ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ ಹತ್ತಿದೆ." ಎದ್ದು, ತೊಳೆದು, ಕುಡಿದು, ಹೀಗೆ ಕ್ರಿಯಾಪದವೇ ಮುಂದಿನದಕ್ಕೆ ಕೈ ಚಾಚುತ್ತದೆ. ಇಂಗ್ಲಿಷಿನಲ್ಲಿ ಅದು "ಐ ಗಾಟ್ ಅಪ್, ವಾಶ್ಡ್ ಮೈ ಫೇಸ್, ಡ್ರ್ಯಾಂಕ್ ಕಾಫಿ ಆ್ಯಂಡ್ ಕಾಟ್ ದ ಬಸ್." ಮೊದಲ ಕೆಲಸಗಳ ನಡುವೆ ಅಲ್ಪವಿರಾಮ, ಕೊನೆಯದರ ಹಿಂದೆ ಮಾತ್ರ ಒಂದು ಆ್ಯಂಡ್. ಪ್ರತಿ ಕೆಲಸಕ್ಕೂ "ಆ್ಯಂಡ್ ದೆನ್, ಆ್ಯಂಡ್ ದೆನ್" ಎಂದು ಸೇರಿಸಬೇಕಿಲ್ಲ.

ಆರ್ ವಿಷಯಕ್ಕೆ ಬಂದರೆ ಒಂದು ಸೂಕ್ಷ್ಮ ಇದೆ. ಇದನ್ನು ಶಾಲೆಯಲ್ಲಿ ಒತ್ತಿ ಹೇಳುವುದು ಕಡಿಮೆ. "ನಾನು ಟೀಯೂ ಕುಡಿಯಲ್ಲ, ಕಾಫಿಯೂ ಕುಡಿಯಲ್ಲ" ಎಂಬುದನ್ನು ನಮ್ಮವರು "ಐ ಡೋಂಟ್ ಡ್ರಿಂಕ್ ಟೀ ಆ್ಯಂಡ್ ಕಾಫಿ" ಅನ್ನುತ್ತಾರೆ. ಕನ್ನಡದ ಊ, ಊ ಅಂದರೆ ಆ್ಯಂಡ್ ತಾನೇ ಎಂಬ ಲೆಕ್ಕ. ಆದರೆ ಇಂಗ್ಲಿಷ್ ಕಿವಿಗೆ ಅದು "ಎರಡನ್ನೂ ಒಟ್ಟಿಗೆ ಕುಡಿಯುವುದಿಲ್ಲ" ಎಂದೂ ಕೇಳಿಸಬಹುದು. ಎರಡೂ ಬೇಡ ಅನ್ನುವಾಗ ಆರ್ ಬಳಸಬೇಕು: "ಐ ಡೋಂಟ್ ಡ್ರಿಂಕ್ ಟೀ ಆರ್ ಕಾಫಿ." ಹೌದು ಅನ್ನುವ ವಾಕ್ಯದಲ್ಲಿ ಆ್ಯಂಡ್ ಮಾಡುವ ಕೆಲಸವನ್ನು ಇಲ್ಲ ಅನ್ನುವ ವಾಕ್ಯದಲ್ಲಿ ಆರ್ ಮಾಡುತ್ತದೆ. ಇದನ್ನೇ ಎರಡು ವಾಕ್ಯ ಮಾಡಿದರೆ ನಾರ್ ಬರುತ್ತದೆ: "ಐ ಡೋಂಟ್ ಡ್ರಿಂಕ್ ಟೀ, ನಾರ್ ಡು ಐ ಡ್ರಿಂಕ್ ಕಾಫಿ." ನಾರ್ ಆದಮೇಲೆ "ಐ ಡು" ಅಲ್ಲ, "ಡು ಐ". ಪ್ರಶ್ನೆ ಕೇಳುವಾಗ ಪದಗಳು ಹೇಗೆ ಜಾಗ ಬದಲಿಸುತ್ತವೋ ಇಲ್ಲೂ ಹಾಗೇ.

ವಾಕ್ಯವನ್ನು ಆ್ಯಂಡ್ ಅಥವಾ ಬಟ್ ಇಂದ ಶುರು ಮಾಡಬಾರದು ಎಂದು ಕಲಿಸುವುದುಂಟು. ಅಂಥ ವ್ಯಾಕರಣ ನಿಯಮ ಇಲ್ಲ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ಹೆಚ್ಚಿನ ವಚನಗಳು ಆ್ಯಂಡ್ ಇಂದಲೇ ಶುರುವಾಗುತ್ತವೆ. ಪ್ರತಿ ವಾಕ್ಯವೂ ಹಾಗೇ ಆದರೆ ಓದುವವರಿಗೆ ಬೇಸರ ಆಗುತ್ತದೆ, ಅಷ್ಟೇ.

ಎಂಜಿನ್ ಮತ್ತು ಬೋಗಿ

ಎರಡನೇ ಬಗೆ ಸಬಾರ್ಡಿನೇಟಿಂಗ್. ಇಲ್ಲಿ ಜೋಡಿಸುವುದು ಇಬ್ಬರು ಸಮಾನರನ್ನಲ್ಲ. ಒಂದು ಎಂಜಿನ್, ಒಂದು ಬೋಗಿ. "ಐ ಸ್ಟೇಡ್ ಹೋಮ್ ಬಿಕಾಸ್ ಇಟ್ ವಾಸ್ ರೇನಿಂಗ್." "ಐ ಸ್ಟೇಡ್ ಹೋಮ್" ಎಂಜಿನ್. ಒಂಟಿಯಾಗಿ ಓಡುತ್ತದೆ. "ಬಿಕಾಸ್ ಇಟ್ ವಾಸ್ ರೇನಿಂಗ್" ಬೋಗಿ. ಅದನ್ನಷ್ಟೇ ಬರೆದು ಪೂರ್ಣವಿರಾಮ ಹಾಕಿದರೆ ಹಳಿ ಮೇಲೆ ನಿಂತೇ ಇರುತ್ತದೆ. ಕನ್ನಡದಲ್ಲಿ "ಮಳೆ ಬರುತ್ತಿದ್ದರಿಂದ" ಎಂದು ಹೇಳಿ ಸುಮ್ಮನಾದರೆ ಎದುರಿನವರು "ಅದಕ್ಕೆ ಏನಾಯ್ತು?" ಅನ್ನುತ್ತಾರೆ, ಅಲ್ವಾ? ಹಾಗೆ.

ಬಿಕಾಸ್, ಆಲ್ದೋ, ಇಫ್, ಅನ್‌ಲೆಸ್, ವೆನ್, ವೈಲ್, ಅಂಟಿಲ್, ಸಿನ್ಸ್, ಆ್ಯಸ್, ಬಿಫೋರ್, ಆಫ್ಟರ್, ದ್ಯಾಟ್, ವೆದರ್, ಇವೆಲ್ಲ ಈ ಗುಂಪಿನವು. ಕಾರಣ, ಕಾಲ, ಷರತ್ತು, ವಿರೋಧ, ಹೀಗೆ ಒಂದೊಂದು ಒಂದೊಂದು ಸಂಬಂಧ ಹೇಳುತ್ತದೆ.

ಕನ್ನಡದಲ್ಲಿ ಬೋಗಿ ಸಾಮಾನ್ಯವಾಗಿ ಮೊದಲು ಬರುತ್ತದೆ, ಎಂಜಿನ್ ಕೊನೆಗೆ. "ಮಳೆ ಬರುತ್ತಿದ್ದರಿಂದ ಮನೆಯಲ್ಲೇ ಇದ್ದೆ." ಇಂಗ್ಲಿಷಿನಲ್ಲಿ ಎರಡೂ ಕ್ರಮ ಸರಿ. ಆದರೆ ಬೋಗಿ ಮುಂದೆ ಬಂದರೆ ಅದರ ಕೊನೆಗೆ ಅಲ್ಪವಿರಾಮ ಬೇಕು: "ಬಿಕಾಸ್ ಇಟ್ ವಾಸ್ ರೇನಿಂಗ್, ಐ ಸ್ಟೇಡ್ ಹೋಮ್." ಆಗ ಹೇಳಿದೆನಲ್ಲ, ನಡುವಿನ ಆ ಖಾಲಿ ಜಾಗ, ಅಲ್ಲಿ ಬಟ್ ಬದಲು ಈ ಅಲ್ಪವಿರಾಮ ಕೂರಬೇಕು. ಎಂಜಿನ್ ಮುಂದಿದ್ದರೆ ಬಿಕಾಸ್ ಹಿಂದೆ ಸಾಮಾನ್ಯವಾಗಿ ಅಲ್ಪವಿರಾಮ ಬೇಡ.

ಇಫ್ ಜೊತೆ ನಮ್ಮವರು ವಿಲ್ ಸೇರಿಸುತ್ತಾರೆ. "ಇಫ್ ಇಟ್ ವಿಲ್ ರೇನ್, ಐ ವಿಲ್ ನಾಟ್ ಕಮ್." ನಾಳೆಯ ಮಾತಲ್ಲವೇ, ವಿಲ್ ಬೇಡವೇ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಕನ್ನಡದಲ್ಲೇ ಇದೆ. ನಾಳೆ ಮಳೆ "ಬಂದರೆ" ಅನ್ನುತ್ತೇವೆ. "ಬರುವರೆ" ಅನ್ನುವುದಿಲ್ಲ. ಬಂದರೆ ಎಂಬುದರಲ್ಲಿ ಇರುವುದು "ಬಂದ", ನಡೆದುಹೋದ ಕಾಲದ ರೂಪ. ಷರತ್ತಿನ ಮಾತಲ್ಲಿ ಭವಿಷ್ಯತ್ತಿನ ರೂಪ ನಮ್ಮಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. "ಇಫ್ ಇಟ್ ರೇನ್ಸ್, ಐ ವಿಲ್ ನಾಟ್ ಕಮ್." ವಿಲ್ ಎಂಜಿನ್ನಿನಲ್ಲಿ ಮಾತ್ರ. ನಾಳೆಯ ಮಾತು ಆಡುವಾಗ ವೆನ್, ಅಂಟಿಲ್, ಆಫ್ಟರ್ ಇರುವ ಬೋಗಿಗೂ ಇದೇ ಲೆಕ್ಕ.

ಅನ್‌ಲೆಸ್ ಇನ್ನೊಂದು ತೊಡಕು. ಅದರೊಳಗೇ "ಇಲ್ಲ" ಇದೆ. ಅನ್‌ಲೆಸ್ ಅಂದರೆ "ಇಫ್ ನಾಟ್". "ನೀನು ಓದದಿದ್ದರೆ ಪಾಸಾಗಲ್ಲ" ಎಂಬುದು "ಅನ್‌ಲೆಸ್ ಯು ಸ್ಟಡಿ, ಯು ವಿಲ್ ನಾಟ್ ಪಾಸ್." ಕನ್ನಡದ "ಓದದಿದ್ದರೆ"ಯಲ್ಲಿರುವ ಇಲ್ಲವನ್ನು ನಾವು ಕೈಬಿಡಲಾರದೆ "ಅನ್‌ಲೆಸ್ ಯು ಡೋಂಟ್ ಸ್ಟಡಿ" ಎಂದು ಬರೆಯುತ್ತೇವೆ. ಆಗ ಎರಡು ಇಲ್ಲ ಸೇರಿ ಅರ್ಥ ತಿರುಗುಮುರುಗು. ಓದಿದರೆ ಫೇಲ್ ಎಂದಂತಾಗುತ್ತದೆ!

ಬಿದ್ದರೂ, ಬಂದರೂ ಎಂಬ ನಮ್ಮ ಒಂದೇ "ರೂ"ಗೆ ಇಂಗ್ಲಿಷಿನಲ್ಲಿ ಎರಡು ದಾರಿ. ಬೆಲೆ ನಿಜವಾಗಿ ಬಿದ್ದಿದೆ, ಆದರೂ ರೈತ ಹಣ್ಣು ಮಾರಿದ. ಆಗ "ಆಲ್ದೋ ದ ಪ್ರೈಸ್ ಫೆಲ್, ಹಿ ಸೋಲ್ಡ್ ದ ಕ್ರಾಪ್." ಬೆಲೆ ಇನ್ನೂ ಬಿದ್ದಿಲ್ಲ, ಬೀಳಬಹುದು, ಬಿದ್ದರೂ ಮಾರುತ್ತಾನೆ. ಆಗ "ಈವನ್ ಇಫ್ ದ ಪ್ರೈಸ್ ಫಾಲ್ಸ್, ಹಿ ವಿಲ್ ಸೆಲ್." ನಡೆದದ್ದಕ್ಕೆ ಆಲ್ದೋ, ನಡೆಯಬಹುದಾದದ್ದಕ್ಕೆ ಈವನ್ ಇಫ್.

ದ್ಯಾಟ್ ನಮ್ಮ "ಅಂತ". "ಬರುತ್ತೇನೆ ಅಂತ ಹೇಳಿದ" ಎಂಬಲ್ಲಿ ಅಂತ ಮಾತು ಮುಗಿದ ಮೇಲೆ ಬರುತ್ತದೆ. "ಹಿ ಸೆಡ್ ದ್ಯಾಟ್ ಹಿ ವುಡ್ ಕಮ್" ಎಂಬಲ್ಲಿ ದ್ಯಾಟ್ ಮಾತಿಗೆ ಮುಂಚೆ. ಇಲ್ಲೂ ಕೊಂಡಿ ಬಾಲದಿಂದ ತಲೆಗೆ ಹೋಯಿತು. "ಬರುತ್ತಾನೋ ಇಲ್ಲವೋ ಗೊತ್ತಿಲ್ಲ" ಎಂಬುದರ ಓ, ಓ ಜಾಗದಲ್ಲಿ ವೆದರ್: "ಐ ಡೋಂಟ್ ನೋ ವೆದರ್ ಹಿ ವಿಲ್ ಕಮ್." ಇಲ್ಲಿ ವಿಲ್ ಬರುತ್ತದೆ, ಯಾಕೆಂದರೆ ಇದು ಷರತ್ತಲ್ಲ, ಅನುಮಾನ.

ಜೋಡಿಯಾಗಿ ಬರುವವು

ಮೂರನೇ ಬಗೆ ಕೋರಿಲೇಟಿವ್. ಈ ಪದಗಳು ಎತ್ತಿನ ಜೋಡಿಯಂತೆ, ಒಂದು ಬಂದರೆ ಇನ್ನೊಂದೂ ಬರಬೇಕು. ಮಕ್ಕಳು ಇದನ್ನು ಕಷ್ಟ ಅಂದುಕೊಳ್ಳುತ್ತಾರೆ. ನನಗಂತೂ ಕನ್ನಡದವರಿಗೆ ತುಂಬಾ ಹತ್ತಿರದ್ದು ಇದೇ ಅನಿಸುತ್ತದೆ. ನಾವು ಮೊದಲಿಂದಲೂ ಜೋಡಿ ಕೊಂಡಿಗಳಲ್ಲೇ ಮಾತಾಡುವವರು. "ಅಣ್ಣನೂ ತಮ್ಮನೂ" ಅಂದರೆ ಬೋತ್ ಮತ್ತು ಆ್ಯಂಡ್. "ಇವತ್ತೋ ನಾಳೆಯೋ" ಅಂದರೆ ಈದರ್ ಮತ್ತು ಆರ್. "ಅಣ್ಣನೂ ಬರಲಿಲ್ಲ, ತಮ್ಮನೂ ಬರಲಿಲ್ಲ" ಅಂದರೆ ನೈದರ್ ಮತ್ತು ನಾರ್. "ರಾಗಿ ಮಾತ್ರವಲ್ಲ, ರೇಷ್ಮೆಯನ್ನೂ ಬೆಳೆಯುತ್ತಾರೆ" ಅಂದರೆ ನಾಟ್ ಓನ್ಲಿ, ಬಟ್ ಆಲ್ಸೋ.

ಎರಡು ವಿಷಯ ನೋಡಿಕೊಂಡರೆ ಸಾಕು. ಜೋಡಿಯ ಎರಡೂ ಪದಗಳ ಮುಂದೆ ಒಂದೇ ಬಗೆಯ ತುಂಡು ಇರಬೇಕು. "ದೇ ಗ್ರೋ ನಾಟ್ ಓನ್ಲಿ ರಾಗಿ ಬಟ್ ಆಲ್ಸೋ ಮಲ್ಬರಿ." ರಾಗಿಯೂ ಹೆಸರು, ಮಲ್ಬರಿಯೂ ಹೆಸರು. "ದೇ ನಾಟ್ ಓನ್ಲಿ ಗ್ರೋ ರಾಗಿ ಬಟ್ ಆಲ್ಸೋ ಮಲ್ಬರಿ" ಅಂದರೆ ಒಂದು ಕಡೆ ಕ್ರಿಯೆ, ಇನ್ನೊಂದು ಕಡೆ ಬರೀ ಹೆಸರು. ನೊಗ ವಾಲಿಬಿಡುತ್ತದೆ. ಇನ್ನು, ನೈದರ್ ಮತ್ತು ನಾರ್ ಬಂದಾಗ ಕ್ರಿಯಾಪದ ತನಗೆ ಹತ್ತಿರ ಇರುವ ಹೆಸರನ್ನು ನೋಡುತ್ತದೆ. "ನೈದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವರ್ ಹರ್ಟ್." ಪ್ಯಾಸೆಂಜರ್ಸ್ ಹತ್ತಿರ ಇರುವುದರಿಂದ ವರ್.

ಪರೀಕ್ಷೆಯಲ್ಲಿ ಹೆಚ್ಚು ಕಾಡುವುದು "ನೋ ಸೂನರ್". ಕನ್ನಡದಲ್ಲಿ "ರೈಲು ಬಂಗಾರಪೇಟೆ ತಲುಪಿದ್ದೇ ತಡ, ಜನ ಪಾನಿಪೂರಿ ಅಂಗಡಿಗೆ ಓಡಿದರು" ಅನ್ನುತ್ತೇವೆ. ಆ "ತಲುಪಿದ್ದೇ ತಡ"ವೇ ಇದು. "ನೋ ಸೂನರ್ ಡಿಡ್ ದ ಟ್ರೇನ್ ರೀಚ್ ಬಂಗಾರಪೇಟೆ ದ್ಯಾನ್ ಪೀಪಲ್ ರ್‍ಯಾನ್ ಟು ದ ಪಾನಿಪೂರಿ ಶಾಪ್ಸ್." ನೋ ಸೂನರ್ ಜೊತೆ ದ್ಯಾನ್ ಯಾಕೆ, ವೆನ್ ಯಾಕಲ್ಲ? ಸೂನರ್ ಎಂದರೆ "ಇನ್ನೂ ಬೇಗ", ಹೋಲಿಕೆಯ ಪದ. ಟಾಲರ್ ದ್ಯಾನ್, ಬಿಗ್ಗರ್ ದ್ಯಾನ್ ಅನ್ನುವ ಹಾಗೆ ಸೂನರ್ ದ್ಯಾನ್. ಹಾರ್ಡ್ಲಿ, ಸ್ಕೇರ್ಸ್ಲಿ ಎಂಬ ಪದಗಳಲ್ಲಿ ಹೋಲಿಕೆ ಇಲ್ಲ. ಅದಕ್ಕೇ ಅವುಗಳ ಜೊತೆ ವೆನ್. ಕಾರಣ ಗೊತ್ತಾದಮೇಲೆ ಬಾಯಿಪಾಠ ಮಾಡಬೇಕಿಲ್ಲ.

ಕಂಜಂಕ್ಷನ್ ಥರ ಕಾಣುವವು

"ಬಿಕಾಸ್ ರೇನ್, ಐ ಡಿಡ್ ನಾಟ್ ಕಮ್" ಎಂದು ಬರೆದರೆ ತಪ್ಪು ಯಾಕೆ? ಬಿಕಾಸ್ ಮುಂದೆ ಪೂರ್ತಿ ವಾಕ್ಯ ಬೇಕು, ಯಾರು ಏನು ಮಾಡಿದರು ಎಂಬುದು ಇರಬೇಕು. ಬರೀ ಹೆಸರು ಇದ್ದರೆ "ಬಿಕಾಸ್ ಆಫ್". "ಬಿಕಾಸ್ ಇಟ್ ರೇನ್ಡ್" ಅಥವಾ "ಬಿಕಾಸ್ ಆಫ್ ದ ರೇನ್". ಕನ್ನಡದಲ್ಲಿ "ಮಳೆ ಬಂದಿದ್ದರಿಂದ" ಮತ್ತು "ಮಳೆಯಿಂದ" ಇದ್ದಂತೆ. ಆಲ್ದೋ ಮತ್ತು ಡಿಸ್ಪೈಟ್ ನಡುವೆ ಇರುವ ವ್ಯತ್ಯಾಸವೂ ಇಷ್ಟೇ. ಆಲ್ದೋ ಮುಂದೆ ವಾಕ್ಯ, ಡಿಸ್ಪೈಟ್ ಮುಂದೆ ಹೆಸರು. ಡಿಸ್ಪೈಟ್ ಆದಮೇಲೆ "ಆಫ್" ಬೇಡ. "ಆಫ್" ಬರುವುದು "ಇನ್ ಸ್ಪೈಟ್ ಆಫ್" ಎಂಬಲ್ಲಿ.

ಹೌಎವರ್, ದೇರ್‌ಫೋರ್ ಅರ್ಥದಲ್ಲಿ ಬಟ್, ಸೋ ಥರವೇ. ಆದರೆ ಅವುಗಳಿಗೆ ಕೊಂಡಿಯ ಬಲ ಇಲ್ಲ. "ಐ ವೆಂಟ್, ಹೌಎವರ್ ಹಿ ವಾಸ್ ನಾಟ್ ದೇರ್" ಎಂದು ಅಲ್ಪವಿರಾಮ ಹಾಕಿ ಜೋಡಿಸಲು ಆಗುವುದಿಲ್ಲ. ಮೊದಲ ವಾಕ್ಯಕ್ಕೆ ಪೂರ್ಣವಿರಾಮ ಅಥವಾ ಅರ್ಧವಿರಾಮ ಹಾಕಿ, ಆಮೇಲೆ ಹೌಎವರ್, ಅದರ ಪಕ್ಕ ಒಂದು ಅಲ್ಪವಿರಾಮ.

ಮತ್ತೆ ಆ ಅರ್ಜಿ

ಇಷ್ಟೆಲ್ಲ ಅವಳಿಗೆ ಹೇಳಿದ ಮೇಲೆ ಹಾಳೆಯ ಹಿಂದೆ ಎರಡು ವಾಕ್ಯ ಬರೆದುಕೊಟ್ಟೆ.

"ಐ ಹ್ಯಾವ್ ನೋ ಎಕ್ಸ್‌ಪೀರಿಯನ್ಸ್, ಬಟ್ ಐ ಲರ್ನ್ ಕ್ವಿಕ್ಲಿ."

"ಆಲ್ದೋ ಐ ಹ್ಯಾವ್ ನೋ ಎಕ್ಸ್‌ಪೀರಿಯನ್ಸ್, ಐ ಲರ್ನ್ ಕ್ವಿಕ್ಲಿ."

ಎರಡೂ ಸರಿ. ಮೊದಲನೆಯದರಲ್ಲಿ ಅನುಭವ ಇಲ್ಲ ಅನ್ನುವುದೂ ಬೇಗ ಕಲಿಯುತ್ತೇನೆ ಅನ್ನುವುದೂ ಎರಡು ಎಂಜಿನ್, ಸಮಸಮ. ಎರಡನೆಯದರಲ್ಲಿ ಅನುಭವ ಇಲ್ಲ ಅನ್ನುವುದು ಬೋಗಿ, ಕಲಿಯುವುದು ಎಂಜಿನ್. ಯಾವುದು ಬೇಕು ಅಂತ ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಎರಡನ್ನೂ ಮತ್ತೆ ಮತ್ತೆ ಓದಿದಳು. "ಎರಡನೆಯದು ಮಿಸ್. ಕಲಿಯೋದೇ ಎಂಜಿನ್ ಆಗಿರಲಿ" ಎಂದು ಹೊಸ ಹಾಳೆ ತೆಗೆದು ಬರೆಯಲು ಕೂತಳು.